ಹಳೇಬೀಡಿನ ಬಯಲು ಶಿಲ್ಪಸಂಗ್ರಹ: ಋತುಮಾನಕ್ಕೆ ಅನುಗುಣವಾದ ಒಂದು ದಿನದ ಪ್ರವಾಸ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿರುವ ಹಳೇಬೀಡು ಹೊಯ್ಸಳ ಅರಸರ ರಾಜಧಾನಿಯಾಗಿತ್ತು. ಆಗ ಇದರ ಹೆಸರು ದೋರಸಮುದ್ರ. ರಾಜಧಾನಿ ಪಾಳುಬಿದ್ದ ಬಳಿಕ ಉಳಿದ ಊರಿಗೆ ಹಳೆಯ ಬೀಡು ಎಂಬ ಹೆಸರು ಬಂದಿತು. ಇಲ್ಲಿಯ ಶಿಲ್ಪಸಂಪತ್ತಿನ ಹೆಚ್ಚಿನ ಭಾಗ ಬಯಲಿನಲ್ಲಿಯೇ ಇದೆ. ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಶಿಲ್ಪಗಳು, ಆವರಣದ ಬಿಡಿಶಿಲ್ಪಗಳು, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂಗ್ರಹಾಲಯದ ಬಯಲು ವಿಭಾಗದಲ್ಲಿ ಇರಿಸಿರುವ ಶಿಲ್ಪಗಳು ಬಿಸಿಲು, ಮಳೆ ಮತ್ತು ಮಂಜಿಗೆ ನೇರವಾಗಿ ಒಡ್ಡಿಕೊಂಡಿವೆ.

ಆದುದರಿಂದ ಯಾವ ತಿಂಗಳಿನಲ್ಲಿ, ದಿನದ ಯಾವ ವೇಳೆಯಲ್ಲಿ ಭೇಟಿ ನೀಡಲಾಗುತ್ತದೆ ಎಂಬುದರ ಮೇಲೆ ಸಂದರ್ಶಕರಿಗೆ ಯಾವ ಶಿಲ್ಪ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಅವಲಂಬಿಸಿರುತ್ತದೆ. ಹಾಗೆಯೇ ಸಂದರ್ಶಕರ ನಡವಳಿಕೆಯ ಮೇಲೆ ಈ ಶಿಲ್ಪಗಳು ಮುಂದಿನ ಪೀಳಿಗೆಗೆ ಎಷ್ಟು ಉಳಿಯುತ್ತವೆ ಎಂಬುದು ಅವಲಂಬಿಸಿರುತ್ತದೆ. ಒಂದು ದಿನದ ಪ್ರವಾಸ ಕೈಗೊಳ್ಳುವ ಕುಟುಂಬಗಳು, ಶಾಲಾ ತಂಡಗಳು ಹಾಗೂ ತಮ್ಮ ಜಮೀನಿನಲ್ಲಿ ಕೆತ್ತನೆಯ ಕಲ್ಲು ದೊರೆತ ನಾಗರಿಕರು ತಿಳಿದಿರಬೇಕಾದ ವಿಷಯಗಳನ್ನು ಈ ಪುಟದಲ್ಲಿ ನೀಡಲಾಗಿದೆ.

ಸ್ಥಳ ಪರಿಚಯ

ಹೊಯ್ಸಳೇಶ್ವರ ದೇವಾಲಯದ ನಿರ್ಮಾಣವು ವಿಷ್ಣುವರ್ಧನನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 1121ರಲ್ಲಿ ಆರಂಭವಾಯಿತು. ರಾಜನ ಅಧಿಕಾರಿಯಾಗಿದ್ದ ಕೇತಮಲ್ಲನು ಇದರ ನಿರ್ಮಾಣಕ್ಕೆ ಕಾರಣನಾದವನು. ಇದು ಎರಡು ಗರ್ಭಗೃಹಗಳುಳ್ಳ ದ್ವಿಕೂಟ ದೇವಾಲಯ. ಒಂದು ಹೊಯ್ಸಳೇಶ್ವರನಿಗೂ ಇನ್ನೊಂದು ಶಾಂತಲೇಶ್ವರನಿಗೂ ಮೀಸಲು. ಎರಡೂ ಪೂರ್ವಕ್ಕೆ ಮುಖ ಮಾಡಿದ್ದು, ಪ್ರತಿಯೊಂದರ ಎದುರಿಗೂ ನಂದಿಮಂಟಪವಿದೆ. ದೇವಾಲಯವು ನಕ್ಷತ್ರಾಕಾರದ ಜಗತಿಯ ಮೇಲೆ ನಿಂತಿದೆ. ಇಂದು ಇದಕ್ಕೆ ಶಿಖರಗಳಿಲ್ಲ.

ಹೊರಗೋಡೆಯ ಕೆಳಭಾಗದಲ್ಲಿ ಎಂಟು ಪಟ್ಟಿಕೆಗಳಿವೆ. ಕೆಳಗಿನಿಂದ ಮೇಲಕ್ಕೆ ಅವುಗಳ ಕ್ರಮ ಹೀಗಿದೆ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣಕಥೆಗಳು, ಮಕರ ಮತ್ತು ಹಂಸ. ರಾಮಾಯಣ, ಮಹಾಭಾರತ ಹಾಗೂ ಭಾಗವತದ ಪ್ರಸಂಗಗಳನ್ನು ಕಥಾಪಟ್ಟಿಕೆಯಲ್ಲಿ ಕಾಣಬಹುದು. ಈ ಪಟ್ಟಿಕೆಗಳ ಮೇಲೆ ದೊಡ್ಡ ಗಾತ್ರದ ದೇವತಾಶಿಲ್ಪಗಳ ಸಾಲು ಇದೆ. ಕೈಲಾಸವನ್ನೆತ್ತುವ ರಾವಣ, ಗೋವರ್ಧನವನ್ನೆತ್ತಿದ ಕೃಷ್ಣ, ಗಜಾಸುರನನ್ನು ಮರ್ದಿಸುವ ಶಿವ, ತ್ರಿವಿಕ್ರಮ ಮತ್ತು ಉಗ್ರನರಸಿಂಹ ಈ ಸಾಲಿನ ಪ್ರಸಿದ್ಧ ಶಿಲ್ಪಗಳು.

1311ರಲ್ಲಿ ಮಲಿಕ್ ಕಾಫರನ ದಾಳಿಗೆ ಹಾಗೂ ಅನಂತರ ತುಘಲಕ್ ಸೈನ್ಯದ ದಾಳಿಗೆ ಗುರಿಯಾದ ದೋರಸಮುದ್ರವು ರಾಜಧಾನಿಯ ಸ್ಥಾನವನ್ನು ಕಳೆದುಕೊಂಡಿತು. ಕಾಲಾಂತರದಲ್ಲಿ ಊರಿನ ಅನೇಕ ದೇವಾಲಯಗಳು ಕುಸಿದವು. ಅವುಗಳ ಶಿಲ್ಪಗಳು ಹೊಲ, ಕೆರೆಯಂಗಳ ಮತ್ತು ಮಣ್ಣಿನ ದಿಬ್ಬಗಳಲ್ಲಿ ಚದುರಿಹೋದವು. ಸಂಗ್ರಹಾಲಯದ ಬಯಲು ವಿಭಾಗದಲ್ಲಿ ಸಾಲಾಗಿ ನಿಲ್ಲಿಸಿರುವ ಶಿಲ್ಪಗಳನ್ನು ನೋಡುವಾಗ ಈ ಹಿನ್ನೆಲೆಯನ್ನು ನೆನಪಿನಲ್ಲಿಡುವುದು ಉಚಿತ. ಅವು ಅಲ್ಲಿ ನಿಲ್ಲುವುದಕ್ಕಾಗಿ ಕೆತ್ತಿದವುಗಳಲ್ಲ. ಪ್ರತಿಯೊಂದೂ ಇಲ್ಲದೆ ಹೋದ ಯಾವುದೋ ಕಟ್ಟಡದ ಒಂದು ಭಾಗ.

2023ರ ಸೆಪ್ಟೆಂಬರ್ ತಿಂಗಳಿನಲ್ಲಿ ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಹಾಗೂ ಸೋಮನಾಥಪುರದ ಕೇಶವ ದೇವಾಲಯಗಳು ಒಟ್ಟಾಗಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರ್ಪಡೆಯಾದವು. ಇದು ಆ ಪಟ್ಟಿಯಲ್ಲಿ ಭಾರತದ 42ನೆಯ ತಾಣವಾಗಿದೆ.

ಕಲ್ಲಿನ ಸ್ವಭಾವ

ಹೊಯ್ಸಳ ಶಿಲ್ಪಿಗಳು ಬಳಸಿದ ಕಲ್ಲು ಜನಬಳಕೆಯಲ್ಲಿ ಬಳಪದ ಕಲ್ಲು ಎಂದು ಹೆಸರಾಗಿದೆ. ಗಣಿಯಿಂದ ತೆಗೆದಾಗ ಮೃದುವಾಗಿರುವ ಈ ಕಲ್ಲು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಆಭರಣದ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಲು ಸಾಧ್ಯವಾದುದು ಈ ಗುಣದಿಂದಲೇ. ಆದರೆ ಗಟ್ಟಿಯಾದ ನಂತರವೂ ಇದು ಗ್ರಾನೈಟಿನಷ್ಟು ಕಠಿಣವಲ್ಲ. ಬೀಗದ ಕೈ, ನಾಣ್ಯ ಅಥವಾ ಚೂಪಾದ ಲೋಹ ತಾಗಿದರೆ ಗೆರೆ ಬೀಳುತ್ತದೆ. ಅನೇಕರು ಒಂದೇ ಸ್ಥಳವನ್ನು ಕೈಯಿಂದ ಸವರುತ್ತ ಬಂದರೆ ಅಂಗೈಯ ಜಿಡ್ಡಿನಿಂದ ಅಲ್ಲಿ ಕಪ್ಪು ಹೊಳಪು ಮೂಡಿ ಕೆತ್ತನೆಯ ಅಂಚು ಮೊಂಡಾಗುತ್ತದೆ. ಸಂದರ್ಶಕರ ಕೈಗೆಟಕುವ ಎತ್ತರದ ಶಿಲ್ಪಗಳೇ ಈ ಬಗೆಯ ಸವೆತಕ್ಕೆ ಮೊದಲು ಗುರಿಯಾಗುತ್ತವೆ.

ಋತುಮಾನ ಮತ್ತು ಬೆಳಕು

ಹಳೇಬೀಡು ಉತ್ತರ ಅಕ್ಷಾಂಶ 13 ಡಿಗ್ರಿಗಿಂತ ತುಸು ಮೇಲಿದೆ. ಇಲ್ಲಿ ವರ್ಷದ ಹೆಚ್ಚು ಕಾಲ ನಡುಹಗಲಿನ ಸೂರ್ಯನು ದಕ್ಷಿಣಕ್ಕೆ ವಾಲಿರುತ್ತಾನೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯಭಾಗದವರೆಗೆ ಮಾತ್ರ ಉತ್ತರಕ್ಕೆ ಸರಿದಿರುತ್ತಾನೆ. ಹೀಗಾಗಿ ಒಂದೇ ಗೋಡೆಯು ಬೇರೆ ಬೇರೆ ತಿಂಗಳುಗಳಲ್ಲಿ ಬೇರೆಯಾಗಿ ಕಾಣುತ್ತದೆ. ಬೆಳಕು ಪಕ್ಕದಿಂದ ಬಿದ್ದಾಗ ಕೆತ್ತನೆಯ ಆಳ ತಿಳಿಯುತ್ತದೆ. ನೆತ್ತಿಯ ಮೇಲಿನಿಂದ ಬಿದ್ದಾಗ ಗೋಡೆಯ ಮೇಲ್ಭಾಗ ನೆರಳಿಗೆ ಸರಿಯುತ್ತದೆ.

ಅಕ್ಟೋಬರ್‌ನಿಂದ ಫೆಬ್ರವರಿ: ಒಂದು ದಿನದ ಪ್ರವಾಸಕ್ಕೆ ಇದು ಅತ್ಯಂತ ಅನುಕೂಲವಾದ ಕಾಲ. ಡಿಸೆಂಬರ್ ಉತ್ತರಾರ್ಧದಲ್ಲಿ ನಡುಹಗಲಿನ ಸೂರ್ಯನು ದಕ್ಷಿಣದಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲಿರುವುದರಿಂದ ದಕ್ಷಿಣಕ್ಕೆ ಮುಖ ಮಾಡಿದ ಶಿಲ್ಪಗಳಿಗೆ ದಿನದ ಬಹುಭಾಗ ಓರೆಯಾದ ಬೆಳಕು ದೊರೆಯುತ್ತದೆ. ಉತ್ತರದ ಗೋಡೆ ಈ ಅವಧಿಯಲ್ಲಿ ಬಹುಮಟ್ಟಿಗೆ ನೆರಳಿನಲ್ಲಿರುತ್ತದೆ. ಹಗಲಿನ ಅವಧಿ ಹನ್ನೊಂದೂವರೆ ಗಂಟೆಗಿಂತ ಕಡಿಮೆ ಇರುವುದರಿಂದ ಬೆಳಿಗ್ಗೆ ಬೇಗನೆ ತಲುಪುವುದು ಸೂಕ್ತ. ಮುಂಜಾನೆ ಮಂಜು ಕವಿದಿರುವ ದಿನಗಳಲ್ಲಿ ವಾಹನಗಳನ್ನು ನಿಧಾನವಾಗಿ ಚಲಾಯಿಸತಕ್ಕದ್ದು. ಶಾಲಾ ಪ್ರವಾಸಗಳು ಹಾಗೂ ವರ್ಷಾಂತ್ಯದ ರಜೆಗಳ ಕಾರಣ ಡಿಸೆಂಬರ್ ಮತ್ತು ಜನವರಿಯಲ್ಲಿ ಜನದಟ್ಟಣೆ ಹೆಚ್ಚು. ಸಾಧ್ಯವಿದ್ದವರು ವಾರದ ನಡುವಿನ ದಿನಗಳನ್ನು ಆರಿಸಿಕೊಳ್ಳಬಹುದು.

ಮಾರ್ಚ್‌ನಿಂದ ಮೇ: ಬಿಸಿಲು ತೀವ್ರವಾಗಿರುತ್ತದೆ. ದೇವಾಲಯದಲ್ಲಿ ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಜಗತಿಯ ಮೇಲೆ ಬರಿಗಾಲಿನಲ್ಲಿ ನಡೆಯಬೇಕಾಗುವುದರಿಂದ ಮಧ್ಯಾಹ್ನ ಕಲ್ಲುಹಾಸು ಪಾದಗಳನ್ನು ಸುಡುತ್ತದೆ. ಮಕ್ಕಳು ಮತ್ತು ಹಿರಿಯರು ಕಾಲುಚೀಲ ಧರಿಸಿ ಬರುವುದು ಒಳ್ಳೆಯದು. ಬೆಳಿಗ್ಗೆ ಹತ್ತೂವರೆಯೊಳಗೆ ಅಥವಾ ಮಧ್ಯಾಹ್ನ ಮೂರೂವರೆಯ ನಂತರ ಹೊರಗೋಡೆಯನ್ನು ವೀಕ್ಷಿಸಬೇಕು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸಂಜೆಯ ವೇಳೆ ಗುಡುಗುಸಹಿತ ಮಳೆ ಬರುವುದುಂಟು. ಗುಡುಗು ಕೇಳಿಸಿದಾಗ ಬಯಲಿನಲ್ಲಿಯೂ ಮರದಡಿಯಲ್ಲಿಯೂ ನಿಲ್ಲಬಾರದು.

ಜೂನ್‌ನಿಂದ ಸೆಪ್ಟೆಂಬರ್: ಇದು ನೈಋತ್ಯ ಮುಂಗಾರಿನ ಕಾಲ. ಪ್ರವಾಸಕ್ಕೆ ಅಡಚಣೆಯಿದ್ದರೂ ಶಿಲ್ಪಾಸಕ್ತರು ಈ ಕಾಲವನ್ನು ಪೂರ್ತಿಯಾಗಿ ಬಿಟ್ಟುಬಿಡಬೇಕಾಗಿಲ್ಲ. ಸೂರ್ಯನು ಉತ್ತರಕ್ಕೆ ಸರಿದಿರುವುದರಿಂದ ಮೋಡವಿಲ್ಲದ ದಿನಗಳಲ್ಲಿ ಬೆಳಗಿನ ಹಾಗೂ ಸಂಜೆಯ ಬಿಸಿಲು ಉತ್ತರದ ಗೋಡೆಯ ಮೇಲೆ ಬೀಳುತ್ತದೆ. ಚಳಿಗಾಲದಲ್ಲಿ ಬಂದವರಿಗೆ ನೆರಳಿನಲ್ಲಿ ಕಂಡ ಶಿಲ್ಪಗಳು ಆಗ ಬೆಳಕಿನಲ್ಲಿ ಕಾಣುತ್ತವೆ. ಮೋಡ ಕವಿದ ದಿನ ಬೆಳಕು ಎಲ್ಲ ಕಡೆಯಿಂದಲೂ ಸಮನಾಗಿ ಬೀಳುವುದರಿಂದ ಕಥಾಪಟ್ಟಿಕೆಯನ್ನು ಆಯಾಸವಿಲ್ಲದೆ ಓದಬಹುದು. ಒದ್ದೆಯಾದ ಬಳಪದ ಕಲ್ಲು ಜಾರುವುದರಿಂದ ಜಗತಿಯ ಮೆಟ್ಟಿಲುಗಳಲ್ಲಿ ಎಚ್ಚರ ವಹಿಸಬೇಕು. ಮಳೆಗಾಲದಲ್ಲಿ ಕಲ್ಲಿನ ಮೇಲೆ ಬೆಳೆಯುವ ಹಾವಸೆಯನ್ನು ಸಾರ್ವಜನಿಕರು ಕೆರೆದು ತೆಗೆಯಬಾರದು. ಹಾವಸೆಯೊಡನೆ ಕಲ್ಲಿನ ಮೇಲ್ಪದರವೂ ಕಿತ್ತುಬರುವ ಸಂಭವವಿರುತ್ತದೆ.

ಒಂದು ದಿನದ ವೀಕ್ಷಣಾ ಕ್ರಮ

ದೇವಾಲಯವು ಪೂರ್ವಾಭಿಮುಖವಾಗಿರುವುದರಿಂದ ಈ ಕೆಳಕಂಡ ಕ್ರಮವನ್ನು ಅನುಸರಿಸಿದಲ್ಲಿ ಹೆಚ್ಚಿನ ಶಿಲ್ಪಗಳನ್ನು ತಕ್ಕ ಬೆಳಕಿನಲ್ಲಿ ನೋಡಬಹುದು.

1. ಬೆಳಿಗ್ಗೆ: ಪೂರ್ವದ ದ್ವಾರಗಳು, ನಂದಿಮಂಟಪಗಳು ಮತ್ತು ಪೂರ್ವಭಾಗದ ಪಟ್ಟಿಕೆಗಳು. ಆವರಣದಲ್ಲಿರುವ ಗರುಡಗಂಬವನ್ನೂ ಗಮನಿಸಬೇಕು. ಇದು ಇಮ್ಮಡಿ ಬಲ್ಲಾಳನ ಆಪ್ತನಾಗಿದ್ದ ಕುವರ ಲಕ್ಷ್ಮ ಹಾಗೂ ಅವನೊಡನೆ ಪ್ರಾಣಾರ್ಪಣೆ ಮಾಡಿದ ಗರುಡರ ಸ್ಮಾರಕವಾಗಿದೆ.

2. ಬಿಸಿಲೇರಿದ ಮೇಲೆ: ದೇವಾಲಯದ ಒಳಭಾಗ. ತಿರುಗಣೆಯಲ್ಲಿ ಹದಗೊಳಿಸಿದಂತೆ ನುಣುಪಾದ ಕಂಬಗಳು ಹಾಗೂ ಭುವನೇಶ್ವರಿಗಳನ್ನು ಇಲ್ಲಿ ಕಾಣಬಹುದು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಕೆಲವು ನಿಮಿಷ ನಿಲ್ಲುವುದು ಅಗತ್ಯ.

3. ಮಧ್ಯಾಹ್ನ: ಸಂಗ್ರಹಾಲಯ ವೀಕ್ಷಣೆ ಹಾಗೂ ಊಟ. ನಂತರ ಅನತಿದೂರದ ಬಸದಿಹಳ್ಳಿಯ ಜೈನ ಬಸದಿಗಳು. ಇವುಗಳಲ್ಲಿ ಪಾರ್ಶ್ವನಾಥ ಬಸದಿಯು 1133ರಲ್ಲಿ ದಂಡನಾಯಕ ಗಂಗರಾಜನ ಮಗ ಬೊಪ್ಪನಿಂದ ನಿರ್ಮಿತವಾಯಿತು. ಕನ್ನಡಿಯಂತೆ ಹೊಳೆಯುವ ಕಂಬಗಳಿಗೆ ಇದು ಹೆಸರಾಗಿದೆ. ಸಮೀಪದಲ್ಲಿಯೇ ಇಮ್ಮಡಿ ಬಲ್ಲಾಳ ಮತ್ತು ರಾಣಿ ಅಭಿನವ ಕೇತಲದೇವಿಯ ಕಾಲದ ಕೇದಾರೇಶ್ವರ ದೇವಾಲಯವಿದೆ.

4. ಮಧ್ಯಾಹ್ನ ಮೂರರ ನಂತರ: ಹೊಯ್ಸಳೇಶ್ವರದ ಪಶ್ಚಿಮದ ಗೋಡೆ. ದೊಡ್ಡ ದೇವತಾಶಿಲ್ಪಗಳ ಸಾಲು ದಕ್ಷಿಣದ್ವಾರದ ಬಳಿಯ ಗಣಪತಿಯಿಂದ ಆರಂಭವಾಗಿ ಉತ್ತರದ್ವಾರದ ಬಳಿಯ ಗಣಪತಿಯವರೆಗೆ ಸಾಗುತ್ತದೆ. ದೇವಾಲಯವನ್ನು ಬಲಕ್ಕೆ ಇಟ್ಟುಕೊಂಡು ಪ್ರದಕ್ಷಿಣಾಕ್ರಮದಲ್ಲಿ ನಡೆದರೆ ಈ ಸಾಲು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ದೊರೆಯುತ್ತದೆ. ದೂರದಿಂದ ಬಂದ ಅನೇಕರು ಬೆಳಿಗ್ಗೆಯೇ ಈ ಗೋಡೆಯನ್ನು ನೆರಳಿನಲ್ಲಿ ನೋಡಿ ಹಿಂದಿರುಗುವುದುಂಟು. ಸಮಯ ಕಡಿಮೆಯಿದ್ದವರು ಬೆಳಿಗ್ಗೆ ಬೇಲೂರನ್ನು ನೋಡಿಕೊಂಡು ಮಧ್ಯಾಹ್ನದ ನಂತರ ಹಳೇಬೀಡಿಗೆ ಬರುವುದು ಮೇಲು.

ಪೀಠಗಳ ಮೇಲೆ ಅಲ್ಲಲ್ಲಿ ಶಿಲ್ಪಿಗಳ ಹೆಸರುಗಳನ್ನು ಕೆತ್ತಲಾಗಿದೆ. ಹೊಯ್ಸಳ ಶಿಲ್ಪಿಗಳು ತಮ್ಮ ಕೃತಿಗಳಿಗೆ ಹೆಸರು ಬರೆದಿರುವುದು ಈ ಪರಂಪರೆಯ ವೈಶಿಷ್ಟ್ಯ. ಅಕ್ಷರಗಳು ಸ್ಪಷ್ಟವಾಗಲೆಂದು ಅವುಗಳ ಮೇಲೆ ಸೀಮೆಸುಣ್ಣ ಉಜ್ಜುವುದು, ನೀರು ಅಥವಾ ಎಣ್ಣೆ ಸುರಿಯುವುದು ಸಲ್ಲದು. ಪಕ್ಕದಿಂದ ಕೈದೀಪದ ಬೆಳಕು ಹಿಡಿದರೆ ಅಕ್ಷರಗಳು ಓದಲು ಸಿಗುತ್ತವೆ.

ತಲುಪುವ ಬಗೆ

ಹಳೇಬೀಡು ಬೆಂಗಳೂರಿನಿಂದ ಸುಮಾರು 210 ಕಿ.ಮೀ., ಮೈಸೂರಿನಿಂದ ಸುಮಾರು 150 ಕಿ.ಮೀ., ಹಾಸನದಿಂದ ಸುಮಾರು 30 ಕಿ.ಮೀ. ಹಾಗೂ ಬೇಲೂರಿನಿಂದ 16 ಕಿ.ಮೀ. ದೂರದಲ್ಲಿದೆ. ರೈಲಿನಲ್ಲಿ ಬರುವವರು ಹಾಸನದಲ್ಲಿ ಇಳಿದು ಬಸ್ಸಿನಲ್ಲಿ ಮುಂದುವರಿಯಬಹುದು. ಹಾಸನ ಮತ್ತು ಬೇಲೂರಿನಿಂದ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಬಸ್ಸುಗಳಿವೆ. ಹಿಂದಿರುಗುವ ಕೊನೆಯ ಬಸ್ಸಿನ ವೇಳೆಯನ್ನು ಇಳಿದ ಕೂಡಲೇ ನಿಲ್ದಾಣದಲ್ಲಿ ವಿಚಾರಿಸಿಕೊಳ್ಳಬೇಕು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯನ್ವಯ ರಾಜ್ಯದ ಮಹಿಳೆಯರು ನಿಗಮದ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಗುರುತಿನ ಚೀಟಿ ಜೊತೆಯಲ್ಲಿರತಕ್ಕದ್ದು. ಮಂಗಳೂರಿನ ಕಡೆಯಿಂದ ಬರುವವರು ಮಳೆಗಾಲದಲ್ಲಿ ಶಿರಾಡಿ ಘಾಟಿಯ ಸಂಚಾರಸ್ಥಿತಿಯನ್ನು ತಿಳಿದುಕೊಂಡು ಹೊರಡಬೇಕು.

ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಆ ದಿನ ದೇವಾಲಯವನ್ನು ವೀಕ್ಷಿಸಬಹುದಾದರೂ ಸಂಗ್ರಹಾಲಯದ ಶಿಲ್ಪಗಳನ್ನು ನೋಡಲು ಅವಕಾಶವಿರುವುದಿಲ್ಲವಾದ್ದರಿಂದ ಪ್ರವಾಸದ ದಿನವನ್ನು ಅದಕ್ಕೆ ತಕ್ಕಂತೆ ನಿಗದಿಪಡಿಸಿಕೊಳ್ಳಬೇಕು. ಮಾರ್ಗದರ್ಶಿಗಳನ್ನು ನೇಮಿಸಿಕೊಳ್ಳುವವರು ಅವರ ಗುರುತಿನ ಚೀಟಿ ಪರಿಶೀಲಿಸಿ, ಶುಲ್ಕವನ್ನು ಮೊದಲೇ ಮಾತನಾಡಿಕೊಳ್ಳುವುದು ಸೂಕ್ತ.

ಸಂದರ್ಶಕರು ಪಾಲಿಸಬೇಕಾದ ನಿಯಮಗಳು

1. ಶಿಲ್ಪಗಳನ್ನು ಮುಟ್ಟುವುದು, ಅವುಗಳಿಗೆ ಒರಗಿ ನಿಲ್ಲುವುದು, ಪೀಠಗಳ ಮೇಲೆ ಹತ್ತಿ ಕೂರುವುದು ಮತ್ತು ಮಕ್ಕಳನ್ನು ಕೂರಿಸಿ ಛಾಯಾಚಿತ್ರ ತೆಗೆಯುವುದು ಕೂಡದು.

2. ಬಿಡಿಶಿಲ್ಪಗಳಿಗೆ ಅರಿಶಿನ, ಕುಂಕುಮ ಅಥವಾ ಎಣ್ಣೆ ಹಚ್ಚಬಾರದು. ಭಕ್ತಿಯಿಂದ ಮಾಡಿದರೂ ಕಲ್ಲಿಗೆ ಆಗುವ ಹಾನಿ ಒಂದೇ.

3. ಆವರಣದಲ್ಲಿ ಅಡುಗೆ ಮಾಡುವುದು, ಅನುಮತಿಯಿಲ್ಲದ ಸ್ಥಳದಲ್ಲಿ ಆಹಾರ ಸೇವಿಸುವುದು ಹಾಗೂ ಸಾಕುಪ್ರಾಣಿಗಳನ್ನು ತರುವುದನ್ನು ನಿಷೇಧಿಸಲಾಗಿದೆ.

4. ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ತಾಣಗಳು ಹಾಗೂ ಅವಶೇಷಗಳ ಅಧಿನಿಯಮ, 1958ರ (2010ರಲ್ಲಿ ತಿದ್ದುಪಡಿಯಾದಂತೆ) ಪ್ರಕಾರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು ಅಥವಾ ಅದನ್ನು ವಿರೂಪಗೊಳಿಸುವುದು ಎರಡು ವರ್ಷಗಳವರೆಗಿನ ಕಾರಾಗೃಹವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗಿನ ಜುಲ್ಮಾನೆ ಅಥವಾ ಇವೆರಡಕ್ಕೂ ಗುರಿಯಾಗುವ ಅಪರಾಧ. ಗೋಡೆಯ ಮೇಲೆ ಹೆಸರು ಕೆತ್ತುವುದೂ ಇದರಲ್ಲಿ ಸೇರಿದೆ.

5. ಮೂರುಕಾಲಿನ ಆಧಾರ ಬಳಸಿ ಛಾಯಾಗ್ರಹಣ ಮಾಡುವವರು, ಡ್ರೋನ್ ಬಳಸಬಯಸುವವರು ಹಾಗೂ ಚಲನಚಿತ್ರ ಚಿತ್ರೀಕರಣ ಮಾಡುವವರು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪೂರ್ವಾನುಮತಿ ಪಡೆಯತಕ್ಕದ್ದು.

6. ಶಾಲಾ ತಂಡಗಳ ಮುಖ್ಯಸ್ಥರು ವಿದ್ಯಾರ್ಥಿಗಳ ಪಟ್ಟಿ ಹಾಗೂ ಸಂಸ್ಥೆಯ ಪತ್ರವನ್ನು ತರಬೇಕು. ಜಗತಿಯ ಮೇಲೆ ಸ್ಥಳ ಕಿರಿದಾಗಿರುವುದರಿಂದ ಮಕ್ಕಳನ್ನು ಸಣ್ಣ ಗುಂಪುಗಳಾಗಿ ವಿಂಗಡಿಸಿ ಕಳುಹಿಸುವುದು ಒಳ್ಳೆಯದು.

ಜಮೀನಿನಲ್ಲಿ ಕೆತ್ತನೆಯ ಕಲ್ಲು ದೊರೆತಾಗ

ಹೊಯ್ಸಳರ ನಾಡಿನಲ್ಲಿ ಉಳುವಾಗ, ಬಾವಿ ತೋಡುವಾಗ ಅಥವಾ ಮನೆಗೆ ಅಡಿಪಾಯ ತೆಗೆಯುವಾಗ ಶಿಲ್ಪ, ವೀರಗಲ್ಲು, ಮಾಸ್ತಿಕಲ್ಲು ಅಥವಾ ಶಾಸನ ದೊರೆಯುವುದು ಅಪರೂಪವಲ್ಲ. ಅದನ್ನು ಎತ್ತಿ ಬೇರೆಡೆಗೆ ಸಾಗಿಸಿದಾಗ ಕಲ್ಲು ಉಳಿದರೂ ಅದರ ಸ್ಥಳದ ಮಾಹಿತಿ ಕಳೆದುಹೋಗುತ್ತದೆ. ಯಾವ ದೇವಾಲಯಕ್ಕೆ ಸೇರಿದ್ದು, ಯಾವ ದಿಕ್ಕಿಗೆ ಮುಖ ಮಾಡಿತ್ತು, ಅದರೊಡನೆ ಇನ್ನೇನು ಇತ್ತು ಎಂಬ ಪ್ರಶ್ನೆಗಳಿಗೆ ಮತ್ತೆ ಉತ್ತರ ದೊರೆಯುವುದಿಲ್ಲ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ ಹಾಸನ ಜಿಲ್ಲೆಯ ಸಂಪುಟವನ್ನು 1902ರಲ್ಲಿ ಪ್ರಕಟಿಸಿದಾಗ ಶಾಸನಪಾಠದೊಡನೆ ಅದು ಇದ್ದ ಊರು ಮತ್ತು ಜಾಗವನ್ನೂ ದಾಖಲಿಸಿದ್ದರಿಂದಲೇ ಇಂದಿಗೂ ಆ ಕಲ್ಲುಗಳನ್ನು ಹುಡುಕಿ ಗುರುತಿಸಲು ಸಾಧ್ಯವಾಗಿದೆ. ಆದುದರಿಂದ ನಾಗರಿಕರು ಈ ಕೆಳಗಿನಂತೆ ನಡೆದುಕೊಳ್ಳಲು ಕೋರಲಾಗಿದೆ.

1. ಕೆಲಸವನ್ನು ಆ ಸ್ಥಳದಲ್ಲಿ ನಿಲ್ಲಿಸಿ, ಕಲ್ಲನ್ನು ಇದ್ದ ಹಾಗೆಯೇ ಬಿಡಬೇಕು. ಸನಿಕೆ, ತಂತಿಬ್ರಷ್ ಅಥವಾ ಆಮ್ಲದಿಂದ ಸ್ವಚ್ಛಗೊಳಿಸಬಾರದು. ಸುಣ್ಣ ಅಥವಾ ಬಣ್ಣ ಬಳಿಯಬಾರದು.

2. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಛಾಯಾಚಿತ್ರ ತೆಗೆಯಬೇಕು. ಸುತ್ತಲಿನ ನೆಲವೂ ಚಿತ್ರದಲ್ಲಿ ಕಾಣುವಂತಿರಬೇಕು.

3. ಗ್ರಾಮ, ಹೋಬಳಿ, ಸರ್ವೆ ನಂಬರು, ದೊರೆತ ದಿನಾಂಕ ಹಾಗೂ ಆಳವನ್ನು ಬರೆದಿಡಬೇಕು.

4. ತಾಲ್ಲೂಕಿನ ತಹಶೀಲ್ದಾರರಿಗೆ ಅಥವಾ ಜಿಲ್ಲಾಧಿಕಾರಿಗಳಿಗೆ ಲಿಖಿತ ಮಾಹಿತಿ ನೀಡಿ ಸ್ವೀಕೃತಿ ಪಡೆಯಬೇಕು. ಮೈಸೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೂ ಪ್ರತಿ ಕಳುಹಿಸಬಹುದು. ನೆಲದಲ್ಲಿ ಹುದುಗಿದ ನಿಧಿಗೆ ಕರ್ನಾಟಕ ನಿಕ್ಷೇಪ ಅಧಿನಿಯಮ, 1962 ಅನ್ವಯಿಸುತ್ತದೆ.

5. ನೂರು ವರ್ಷಕ್ಕಿಂತ ಹಳೆಯದಾದ ಶಿಲ್ಪವು ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮ, 1972ರ ಅರ್ಥದಲ್ಲಿ ಪ್ರಾಚೀನ ವಸ್ತುವಾಗುತ್ತದೆ. ಪರವಾನಗಿಯಿಲ್ಲದೆ ಅದರ ವ್ಯಾಪಾರ ಮಾಡುವುದು ಮತ್ತು ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವುದು ಅಪರಾಧ. ಕುಟುಂಬದಲ್ಲಿ ತಲೆಮಾರಿನಿಂದ ಇರುವ ಶಿಲ್ಪಗಳನ್ನು ನೋಂದಣಿ ಅಧಿಕಾರಿಯ ಬಳಿ ಛಾಯಾಚಿತ್ರಗಳೊಡನೆ ನೋಂದಾಯಿಸಿಕೊಳ್ಳಬೇಕು. ಕಳವಾದಾಗ ವಸ್ತುವನ್ನು ಗುರುತಿಸಿ ಮರಳಿ ಪಡೆಯಲು ಈ ನೋಂದಣಿಯೇ ಮುಖ್ಯ ಆಧಾರ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬೇಲೂರು, ಹಳೇಬೀಡು ಮತ್ತು ಶ್ರವಣಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ನೋಡಬಹುದೆ?
ಉತ್ತರ: ಬೆಂಗಳೂರಿನಿಂದ ಮುಂಜಾನೆ ಹೊರಟರೆ ನೋಡಬಹುದು. ಆದರೆ ಹಳೇಬೀಡಿಗೆ ದೊರೆಯುವ ಸಮಯ ಕಡಿಮೆ. ಶಿಲ್ಪಗಳನ್ನು ಗಮನವಿಟ್ಟು ನೋಡಬಯಸುವವರು ಬೇಲೂರು ಮತ್ತು ಹಳೇಬೀಡಿಗೆ ಒಂದು ದಿನವನ್ನು ಪೂರ್ಣವಾಗಿ ಮೀಸಲಿಡಬೇಕು.

ಪ್ರಶ್ನೆ: ಹಿರಿಯ ನಾಗರಿಕರಿಗೆ ಯಾವ ಕಾಲ ಸೂಕ್ತ?
ಉತ್ತರ: ನವೆಂಬರ್‌ನಿಂದ ಫೆಬ್ರವರಿ. ಜಗತಿಗೆ ಮೆಟ್ಟಿಲು ಹತ್ತಲಾಗದವರು ಕೆಳಗಿನ ಹುಲ್ಲುಹಾಸಿನಿಂದಲೇ ಹೊರಗೋಡೆಯನ್ನು ಸಾಕಷ್ಟು ಮಟ್ಟಿಗೆ ನೋಡಬಹುದು. ಸಣ್ಣ ದುರ್ಬೀನು ಇದ್ದರೆ ಅನುಕೂಲ.

ಪ್ರಶ್ನೆ: ಹೊಲದಲ್ಲಿ ಶಿಲ್ಪ ದೊರೆತುದನ್ನು ತಿಳಿಸಿದರೆ ಜಮೀನು ಸರ್ಕಾರದ ವಶವಾಗುತ್ತದೆಯೆ?
ಉತ್ತರ: ಮಾಹಿತಿ ನೀಡಿದ ಮಾತ್ರಕ್ಕೆ ಜಮೀನಿನ ಒಡೆತನ ಬದಲಾಗುವುದಿಲ್ಲ. ಸ್ಥಳವನ್ನು ಸಂರಕ್ಷಿತವೆಂದು ಘೋಷಿಸಲು ಕಾನೂನಿನಲ್ಲಿ ಪ್ರತ್ಯೇಕ ಅಧಿಸೂಚನೆಯ ಕ್ರಮವಿದ್ದು, ಅದಕ್ಕೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ. ಈ ಭಯದಿಂದ ಕಲ್ಲನ್ನು ಮುಚ್ಚಿಡುವುದು ಅಥವಾ ಒಡೆಯುವುದು ಬೇಡ.

ಪ್ರಶ್ನೆ: ಪ್ರವಾಸಿಯೊಬ್ಬರು ಶಿಲ್ಪಕ್ಕೆ ಹಾನಿ ಮಾಡುತ್ತಿರುವುದು ಕಂಡುಬಂದರೆ ಏನು ಮಾಡಬೇಕು?
ಉತ್ತರ: ಸ್ಥಳದಲ್ಲಿರುವ ಕಾವಲು ಸಿಬ್ಬಂದಿಗೆ ತಕ್ಷಣ ತಿಳಿಸಬೇಕು. ಸಿಬ್ಬಂದಿ ಹತ್ತಿರದಲ್ಲಿ ಇಲ್ಲದಿದ್ದಲ್ಲಿ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಬಹುದು.

ದೋರಸಮುದ್ರದ ಶಿಲ್ಪಗಳು ಒಂಬೈನೂರು ವರ್ಷಗಳಿಂದ ಬಯಲಿನಲ್ಲಿ ನಿಂತಿವೆ. ಮಳೆ ಬಿಸಿಲುಗಳನ್ನು ತಡೆಯಲಾಗದು. ಮನುಷ್ಯರ ಕೈಯಿಂದಾಗುವ ಹಾನಿಯನ್ನು ತಡೆಯಬಹುದು. ಈ ಕಾರ್ಯದಲ್ಲಿ ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.